ಕುದಿಸಿ ಆರಿಸಿದ ನೀರು

ಚಳ್ಳಕೆರೆ,
೧೬ ಮಾರ್ಚ್ ೧೯೯೯

ಪ್ರಿಯ ಹೇಮಂತ,

ನೀನೂ ಅತ್ತಿಗೆಯೂ ರಂಜಿತಾ ಪುಟ್ಟಿಯೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ತಡಕ್ಕೆ ಕಾಲೇಜು, ಕರೆಂಟು, ಕೆಮ್ಮು ಎಂದು ಕಕಾರದಲ್ಲೇ ಮೂರು ನೆಪ ಸಿದ್ಧವಿದ್ದವು. ಮೂರೂ ಸುಳ್ಳಾದ್ದರಿಂದ ಕ್ಷಮೆ ಎಂಬ ನಾಲ್ಕನೆಯ ಕಕಾರವನ್ನೇ ಕೇಳುತ್ತೇನೆ.

ಇಲ್ಲಿ ನಾನು ಕ್ಷೇಮ. ಎಣ್ಣೆ ಗಿರಣಿಯ ಹಿಂದಿನ ಅದೇ ಕೋಣೆ. ಬೆಳಿಗ್ಗೆ ಕುಕ್ಕರು ನನ್ನನ್ನು ನೋಡಿ ಸೀಟಿ ಹೊಡೆಯುತ್ತದೆ. ನಲವತ್ತೆರಡು ದಾಟಿದ ಬ್ರಹ್ಮಚಾರಿಗೆ ಅಷ್ಟಾದರೂ ಹೊಡೆಯುವವರಿದ್ದಾರಲ್ಲ ಎಂದು ಒಂದು ಹಿಡಿ ಬೇಳೆ ಹೆಚ್ಚು ಹಾಕುತ್ತೇನೆ.

ಈಗ ಮುಖ್ಯ ಮಾತು. ಮುಂದಿನ ತಿಂಗಳು ಪುಣೆಯ ಸಮ್ಮೇಳನದಲ್ಲಿ ನಮ್ಮಿಬ್ಬರ ಹೆಸರಿನ ಪ್ರಬಂಧ ಓದುತ್ತೇನೆಂದು ಬರೆದಿದ್ದೀಯಲ್ಲ, ದಯವಿಟ್ಟು ಓದಬೇಡ. ವಾಪಸು ತೆಗೆದುಕೋ. ಕಾರಣವನ್ನು ಕುಳಿತು ಓದು.

ನಮ್ಮ ವಾದ ಏನಿತ್ತು? ಬ್ಯಾಕ್ಟೀರಿಯಾವನ್ನೇ ತಿಂದು ಬದುಕುವ ವೈರಾಣುಗಳು ಚರಂಡಿ ನೀರಿನಲ್ಲಿ ದಂಡಿಯಾಗಿರುತ್ತವೆ. ಗಾಜಿನ ತಟ್ಟೆಯಲ್ಲಿ ಹಾಲಿನ ಕೆನೆಯಂತೆ ಬ್ಯಾಕ್ಟೀರಿಯಾ ಬೆಳೆಸಿ ಆ ನೀರು ಬಿಟ್ಟರೆ, ವೈರಾಣು ತಿಂದ ಕಡೆಯೆಲ್ಲ ಸೂಜಿ ಚುಚ್ಚಿದಂಥ ತೂತು. ಮೊಳಕಾಲ್ಮೂರಿನಲ್ಲಿ ಬಣ್ಣದ ಮನೆಗಿಂತ ಮೇಲಿನ ಚರಂಡಿ ನೀರಿಗೆ ನೂರಾರು ತೂತು. ರೇಷ್ಮೆ ನೂಲು ಬೇಯಿಸಿದ ಸೋಪು, ಸೋಡಾ, ಬಣ್ಣ ಸೇರಿದ ಮೇಲೆ ಒಂದೂ ಇಲ್ಲ. ಬಣ್ಣದ ನೀರಿನಲ್ಲಿ ವೈರಾಣುವಿಗೆ ವೈರವೇ ಮರೆತು ಬರೀ ಅಣು ಉಳಿಯುತ್ತದೆ, ಬ್ಯಾಕ್ಟೀರಿಯಾ ನಿರಾಳವಾಗಿರುತ್ತವೆ ಎಂದು ನಾನು ಹಿಗ್ಗಿ ಬರೆದೆ, ನೀನು ಹಿಗ್ಗಿ ಇಂಗ್ಲಿಷಿಗೆ ತಂದೆ.

ಆ ಬಣ್ಣದ ನೀರು ತುಂಬಿಸಿಡುತ್ತಿದ್ದವರು ಓಬಳಮ್ಮ, ನೂಲಿಗೆ ಬಣ್ಣ ಹಾಕುವ ಚೌಡೇಶನ ಹೆಂಡತಿ. ಅವರು ಬಣ್ಣದ ಹಂಡೆ ಚೆಲ್ಲುವುದು ನಸುಕಿಗೆ, ನನ್ನ ಬಸ್ಸು ತಲುಪುವುದು ಹತ್ತಕ್ಕೆ. ಹಾಗಾಗಿ ಬಾಟಲಿ ಅವರ ಬಳಿಯೇ ಬಿಟ್ಟಿದ್ದೆ. ಪ್ರತಿ ಶನಿವಾರ ಜಗಲಿಯ ಮೇಲೆ ಕೆಂಪು ನೀರಿನ ಬಾಟಲಿ, ಪಕ್ಕದಲ್ಲಿ ನನಗೊಂದು ತಟ್ಟೆ ಒಗ್ಗರಣೆ ಮಂಡಕ್ಕಿ. ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬರುವಾಗ, ಕೊಂಡ್ಲಹಳ್ಳಿ ಹತ್ತಿರ ಕಂಡಕ್ಟರ್ ಕೇಳುತ್ತಿದ್ದ, "ಏನ್ ಮೇಷ್ಟ್ರೇ, ಕೂಸಿಗೆ ಅರ್ಧ ಟಿಕೆಟ್ ಕೊಡ್ಲಾ?"

ಮೊನ್ನೆ ಶನಿವಾರ ಮೊದಲ ಬಸ್ಸಿಗೇ ಹೋದೆ. ನೋಡಿದರೆ ಓಬಳಮ್ಮ ಕುದಿಸಿ ಆರಿಸಿದ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ಹೊಯ್ಯುತ್ತಿದ್ದಾರೆ! ಮೇಲೆ ಒಂದು ಚಿಟಿಕೆ ಬಣ್ಣ. ಚೌಡೇಶ ನಗುತ್ತಾ ಬಾಯಿ ತೆರೆಯುವಷ್ಟರಲ್ಲಿ ಆಕೆ "ಚೆಪ್ಪೊದ್ದು, ಚೆಪ್ಪೊದ್ದು" ಎಂದು ತೆಲುಗಿನಲ್ಲಿ ಅವನ ಬಾಯಿ ಮುಚ್ಚಿಸಲು ನೋಡಿದರು.

"ಇದೇನ್ರಿ ಓಬಳಮ್ಮ? ಚರಂಡಿ ನೀರು ಕೇಳಿದ್ದೆನಲ್ಲ?"

"ಅಯ್ಯೋ ಬಿಡ್ರಿ ಸಾರ್. ಅಷ್ಟು ದೂರದಿಂದ ಬರ್ತೀರಿ. ಬಾಗ್ಲಿಗೆ ಬಂದೋರಿಗೆ ಚರಂಡಿ ನೀರು ತುಂಬಿ ಕೊಡೋದಾ? ನೋಡಿದೋರು ಏನಂದಾರು?"

"ಮತ್ತೆ ಈ ಬಣ್ಣ?"

"ಬಣ್ಣ ಇರ್ಬೇಕು ಅಂತ ನೀವೇ ಅಂದಿದ್ರಲ್ಲ!"

ಒಳಗಿನಿಂದ ಅತ್ತೆ ಕೊಟ್ರಮ್ಮನ ದನಿ: "ಮೊದ್ಲು ಅವರಿಗೆ ಕುಡಿಯಾಕೆ ಕೊಡೇ. ಪಾಪ, ಮನೇಲಿ ಯಾರೂ ಇಲ್ವಂತೆ, ನೀರಿಗೂ ಇಲ್ಲೀತಂಕ ಬರ್ತಾರೆ."

ಬಣ್ಣ ಬಯಲಾಗುವುದೆಂದರೆ ಇದೇ ಕಣೋ. ನಮ್ಮ ವೈರಾಣುಗಳನ್ನು ಕೊಂದದ್ದು ಬಣ್ಣವಲ್ಲ, ಬೆಂಕಿ. ಒಲೆ ಹೊತ್ತಿಸಿದ್ದು ಮರ್ಯಾದೆ.

ಆಮೇಲೆ ನಾನೇ ಬಗ್ಗಿ ನಿಜವಾದ ಚರಂಡಿ ನೀರು ತುಂಬಿಸಿಕೊಂಡೆ. ಓಬಳಮ್ಮ ನಾಚಿಕೆಯಿಂದ ಸೆರಗು ಮುಖಕ್ಕೆ ಹಿಡಿದರು. ಕಾವಿಗೆಂದು ನಲವತ್ತು ವ್ಯಾಟ್ ಬಲ್ಬು ಉರಿಯುವ ನನ್ನ ಮರದ ಪೆಟ್ಟಿಗೆಯಲ್ಲಿ ತಟ್ಟೆ ಇಟ್ಟು ನಿನ್ನೆ ತೆಗೆದರೆ, ತೂತುಗಳಿವೆ! ಆದರೆ ಮೇಲಿನ ಚರಂಡಿಯ ತೂತುಗಳಂತೆ ತಿಳಿಯಾಗಿಲ್ಲ, ನಡುವೆ ಮಬ್ಬು. ವೈರಾಣು ಒಳಹೊಕ್ಕರೂ ಕೆಲವು ಬ್ಯಾಕ್ಟೀರಿಯಾ ಸತ್ತಿಲ್ಲ, ಅದನ್ನು ಬಾಡಿಗೆದಾರನಂತೆ ಒಳಗಿಟ್ಟುಕೊಂಡೇ ಬದುಕಿವೆ ಎಂದು ತೋರುತ್ತದೆ. ಹಾಗೆ ಮಾಡಿದ್ದು ಸೋಡಾವೋ, ಬಣ್ಣವೋ, ಅಲ್ಲಿನ ವೈರಾಣುವಿನ ಜಾತಿಯೇ ಬೇರೆಯೋ, ತಿಳಿಯದು. ಒಂದೇ ತಟ್ಟೆ. ಈ ಸಲ ಹಿಗ್ಗುವುದಿಲ್ಲ.

ಬೈಯುವುದಿದ್ದರೆ ನನ್ನನ್ನು ಬೈ, ಓಬಳಮ್ಮನವರನ್ನಲ್ಲ. ನಾಡಿದ್ದು ಯುಗಾದಿ. ಬೇವನ್ನು ಈ ಲಕೋಟೆಯಲ್ಲೇ ಕಳಿಸಿದ್ದೇನೆ, ಬೆಲ್ಲವೆಲ್ಲ ನಿಮ್ಮ ಮನೆಯಲ್ಲಿ ಉಳಿಯಲಿ. ಅತ್ತಿಗೆಗೆ ನಮಸ್ಕಾರ. ರಂಜಿತಾಳ ಬಾಯಿಯ ತೂತಿಗೆ ಬೇಗ ಹೊಸ ಹಲ್ಲು ಬರಲಿ, ನೂರು ಕಾಲ ನಗುತ್ತಿರಲಿ.

ನಿನ್ನ,
ಗೋವರ್ಧನ

ಮ.ವಿ.: "ಮೊನ್ನೆ ಶನಿವಾರ" ಎಂದದ್ದು ಸುಳ್ಳು. ಓಬಳಮ್ಮ ನೀರು ಸೋಸುವುದನ್ನು ನಾನು ಕಂಡದ್ದು ಹೋದ ಶ್ರಾವಣದಲ್ಲಿ. ಮೊನ್ನೆ ಮಾಡಿದ್ದು ಚರಂಡಿಗೆ ಬಗ್ಗಿದ್ದಷ್ಟೇ. ಶ್ರಾವಣದ ಆ ದಿನ ಅವರಿಗೆ, "ಇರ್ಲಿ, ಹಿಂಗೇ ಕೊಡ್ತಾ ಇರ್ರಿ" ಎಂದೆ. ಏಳು ತಿಂಗಳು ಗೊತ್ತಿದ್ದೇ ಆ ನೀರು ಹೊತ್ತು ತಂದೆ, ಗೊತ್ತಿದ್ದೇ ನಿನಗೆ ತೂತಿನ ಲೆಕ್ಕವೆಂದು ಸೊನ್ನೆಗಳ ಪಟ್ಟಿ ಕಳಿಸಿದೆ. ಆ ಸೊನ್ನೆಗಳು ಶುರುವಾಗುವ ಮುಂಚೆ ಮೂರು ವರ್ಷ ನೀನು ಒಂದು ಕಾರ್ಡೂ ಬರೆದಿರಲಿಲ್ಲ, ಹೇಮಂತ. ಮೊದಲ ಸೊನ್ನೆ ಕಳಿಸಿದ ಎಂಟನೆಯ ದಿನಕ್ಕೆ ನಿನ್ನ ನಾಲ್ಕು ಹಾಳೆ ಬಂತು. ಕೊನೆಯಲ್ಲಿ "ಹೊತ್ತಿಗೆ ಸರಿಯಾಗಿ ಉಣ್ಣೋ" ಎಂದಿತ್ತು. ಸೊನ್ನೆ ನಿಂತರೆ ಅದೂ ನಿಲ್ಲುತ್ತದೆಂದು ಹೆದರಿದೆ. ಆದರೆ ನೀನು ನಾಲ್ಕು ಜನರೆದುರು ನಿಂತು ಅದನ್ನು ಓದುತ್ತೀಯೆಂದಾಗ ತಡೆಯಲಾಗಲಿಲ್ಲ. ಈ ಲಕೋಟೆಯಲ್ಲಿ ಯಾವ ಪಟ್ಟಿಯೂ ಇಲ್ಲ. ಬೈದೇ ಬರೆ, ಆದರೆ ಬರೆ.