ಗುಬ್ಬಿ ಅಣಕಿಸುತ್ತಿರಲಿಲ್ಲ

ನರ್ಸುಗಳ ಕೋಣೆ,
ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಫೋನಿನಲ್ಲಿ ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀನು, "ನೀನಿದ್ದಿದ್ದಕ್ಕೆ ನನ್ನ ಮಗಳು ಉಳಿದಳು ಕಣೇ" ಎಂದು ಕಣ್ಣೀರಿಟ್ಟೆ. ನಾನು ಮಾತು ಬದಲಿಸಿದೆ. ಶುಕ್ರವಾರ ಗುಬ್ಬಿಯನ್ನು ನಿಮ್ಮೂರಿನ ಡಾಕ್ಟರಿಗೆ ತೋರಿಸುವ ಮುಂಚೆ ಈ ಕಾಗದ ನಿನ್ನ ಕೈ ಸೇರಬೇಕು.

ನಮ್ಮ ಮನೆಯ ಹಜಾರದಲ್ಲಿ ಅವಳಿಗೆ ಫಿಟ್ಸ್ ಬಂದ ದಿನ ನಾನು ಎಲ್ಲವನ್ನೂ ಸರಿಯಾಗಿಯೇ ಮಾಡಿದೆ, ಅದು ಸುಳ್ಳಲ್ಲ. ಕುರ್ಚಿ ದೂರ ತಳ್ಳಿದೆ, ತಲೆಯಡಿ ಟವೆಲ್ ಇಟ್ಟೆ, ಜೊಲ್ಲು ಹೊರಗೆ ಹರಿಯಲೆಂದು ಪಕ್ಕಕ್ಕೆ ಹೊರಳಿಸಿದೆ. ಕೈಕಾಲು ಅದುಮಿ ಹಿಡಿಯಲಿಲ್ಲ. ಹಲ್ಲಿನ ನಡುವೆ ಇಡಲು ಚಮಚ ತಂದ ಪಕ್ಕದ ಮನೆಯಾಕೆಯನ್ನು ಗದರಿ ಕಳಿಸಿದೆ. ಗಡಿಯಾರವನ್ನೂ ನೋಡಿದೆ, ಎರಡೂವರೆ ನಿಮಿಷ. ನೀನೂ ಹೀಗೆಯೇ ಮಾಡು; ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸು.

ಆದರೆ ಅದು ಮೊದಲ ಸಲವಲ್ಲ ಅಕ್ಕ.

ಹೊಸ ನರ್ಸುಗಳಿಗೆ ಫಿಟ್ಸಿನ ಪಾಠ ಮಾಡುವವಳು ನಾನೇ ಎಂದು ನಿನಗೆ ಗೊತ್ತು. ಬಿದ್ದು ಒದ್ದಾಡುವುದೊಂದೇ ಫಿಟ್ಸ್ ಅಲ್ಲ ಎಂದು ಹದಿನಾರು ವರ್ಷದಿಂದ ಒದರುತ್ತಿದ್ದೇನೆ. ಕೆಲವರು ಕೂತಲ್ಲೇ ದಿಟ್ಟಿಸುತ್ತಾರೆ, ಕರೆದರೆ ಓಗೊಡುವುದಿಲ್ಲ, ತುಟಿ ಚಪ್ಪರಿಸುತ್ತಾರೆ, ಅಂಗಿಯ ಗುಂಡಿ ತಿರುವುತ್ತಾರೆ. ಒಂದೆರಡು ನಿಮಿಷಕ್ಕೆ ತಿಳಿವು ಬಂದರೂ ನಡೆದದ್ದು ನೆನಪಿರುವುದಿಲ್ಲ. ಇದನ್ನು ನಟಿಸಿ ತೋರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ಪಾಠದ ಹಿಂದಿನ ದಿನ ಮನೆಯ ಕನ್ನಡಿ ಮುಂದೆ ಅಭ್ಯಾಸ ಮಾಡುತ್ತೇನೆ. ಗುಬ್ಬಿ ಅದನ್ನು ನೋಡಿದ್ದಳು.

ನೀನು ನಂಬಿ ನನ್ನ ಬಳಿ ಬಿಟ್ಟುಹೋದ ಮಗಳು ಐದು ತಿಂಗಳಿಂದ ನನ್ನೆದುರಿಗೇ ಹಾಗೆ ಮಾಡುತ್ತಿದ್ದಳು. ಲೆಕ್ಕ ಹೇಳಿಕೊಡುತ್ತ ನಾನು ಕೂಗಾಡುವಾಗ ಗೋಡೆ ನೋಡುತ್ತ ತುಟಿ ಚಪ್ಪರಿಸುತ್ತಿದ್ದಳು. ನನ್ನ ನಟನೆಯನ್ನೇ ಅಣಕಿಸುತ್ತಿದ್ದಾಳೆ ಎಂದುಕೊಂಡೆ! "ನನ್ನ ಪಾಠ ನನಗೇ ಒಪ್ಪಿಸ್ತೀಯಾ?" ಎಂದು ಒಂದು ಸಂಜೆ ಕೆನ್ನೆಗೆ ಬಾರಿಸಿದೆ. "ನಾನೇನು ಮಾಡ್ದೆ ಚಿಕ್ಕಮ್ಮ?" ಎಂದಳು. ಏನೂ ಗೊತ್ತಿಲ್ಲದವಳ ಹಾಗೆ ಆಡುತ್ತಾಳೆ ಎಂದು ಊಟಕ್ಕೂ ಕರೆಯಲಿಲ್ಲ.

ಆಸ್ಪತ್ರೆಯಲ್ಲಿ ನಮ್ಮ ಡಾಕ್ಟರು, "ಮುಂಚೆ ದಿಟ್ಟಿಸಿ ಕೂರೋದು, ಹಾಗೇನಾದ್ರೂ ಇತ್ತಾ ಸಿಸ್ಟರ್?" ಎಂದು ಕೇಳಿದಾಗ ಎಲ್ಲವೂ ಒಮ್ಮೆಲೇ ಹೊಳೆಯಿತು. ಮಂಚದ ಸುತ್ತ ನನ್ನ ವಿದ್ಯಾರ್ಥಿನಿಯರು ನಿಂತಿದ್ದರು. ಇಲ್ಲ ಎಂದುಬಿಟ್ಟೆ. ಇದೇ ಮೊದಲ ಫಿಟ್ಸ್, ಸದ್ಯಕ್ಕೆ ಔಷಧಿ ಬೇಡ, ಕಾದು ನೋಡೋಣ ಎಂದು ಅವರು ಬರೆದರು. ನನ್ನ ಮರ್ಯಾದೆ ಉಳಿಯಿತು. ಇನ್ನೊಂದು ಫಿಟ್ಸ್ ಎಲ್ಲಿ ಬರುತ್ತದೋ, ಮೆಟ್ಟಿಲ ಮೇಲೋ, ಬಚ್ಚಲಲ್ಲೋ!

ಈ ಕಾಗದವನ್ನೇ ಡಾಕ್ಟರಿಗೆ ಕೊಡು. ವಾರಕ್ಕೆ ಎರಡು ಮೂರು ಸಲ ಬರುತ್ತಿತ್ತು, ನಿದ್ದೆಗೆಟ್ಟ ಮರುದಿನ ಹೆಚ್ಚು. ಇಲ್ಲಿನ ಡಾಕ್ಟರಿಗೆ ಇವತ್ತೇ ನಾನಾಗಿ ಹೇಳುತ್ತೇನೆ, ವಿದ್ಯಾರ್ಥಿನಿಯರು ಇದ್ದರೆ ಇರಲಿ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ.

ನಾಚಿಕೆಯಿಂದ,
ನಿನ್ನ ತಂಗಿ

ತಾ.ಕ.: ಗುಬ್ಬಿಯನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. ನೀನು ಆಸ್ಪತ್ರೆಗೆ ಬರುವ ಸ್ವಲ್ಪ ಮುಂಚೆ, ಅವಳ ಮಂಪರು ಇನ್ನೂ ಪೂರ್ತಿ ಇಳಿದಿರಲಿಲ್ಲ, ಹೊಡೆದದ್ದನ್ನು ಅಮ್ಮನಿಗೆ ಹೇಳಬೇಡ ಎಂದು ಅವಳಿಂದ ಭಾಷೆ ತೆಗೆದುಕೊಂಡೆ. "ಹೇಳಲ್ಲ. ಇನ್ಮೇಲೆ ಅಣಕಿಸೋದೂ ಇಲ್ಲ ಚಿಕ್ಕಮ್ಮ" ಎಂದಳು. ನಾನು ಅದಕ್ಕೂ "ಆಯ್ತು" ಎಂದೆ.