ಎಡಬಲದ ಹಲ್ಲುಚಕ್ರ

ಜನವರಿ ೧೮, ಭಾನುವಾರ

ದುರುಗಪ್ಪ ಮಾವನ ಟೆಂಪೋದ ಮುಂದಿನ ಎರಡೂ ಬ್ರೇಕ್ ಇವತ್ತು ಗ್ಯಾರೇಜಿನಲ್ಲಿ ನಾನೇ ಕಟ್ಟಿದೆ. ಲೈನರ್ ಸವೆದಂತೆ ತಾನೇ ತಿರುಗಿ ಬಿಗಿ ಮಾಡುವ ಹಲ್ಲುಚಕ್ರ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಎಡ ಎಂದರೆ ಡ್ರೈವರ್ ಕೂತಾಗ ಅವನ ಎಡಗೈ ಕಡೆ. ನಾನು ಗಾಡಿಗೆ ಎದುರಾಗಿ ಕೂತು ಎಡಬಲ ಎಣಿಸಿದೆ ಅನಿಸುತ್ತಿದೆ. ಚಕ್ರ ಅದಲುಬದಲಾಗಿದ್ದರೆ ಬ್ರೇಕ್ ಬಿಗಿಯಾಗುವ ಬದಲು ದಿನದಿನಕ್ಕೆ ಸಡಿಲಾಗುತ್ತದೆ.

ಸಂಜೆ ಮಾವನ ಊರು ಸಿರಿಗೇರಿಗೆ ಫೋನ್ ಮಾಡಿದೆ.

“ಮಾವ, ಬ್ರೇಕ್ ಹೆಂಗದಾವ್ರಿ?”

“ಹೆಣ್ಣು ನೋಡಾಕ ಬಂದಂಗ ನಾಚ್ಕೊಂತ ಕೇಳ್ತೀಯಲ್ಲಲೇ! ಚಲೋ ಹಿಡೀತಾವ. ನಾಳಿ ಮೆಣಸಿನಕಾಯಿ ಬಿಡಿಸಾಕ ಇಪ್ಪತ್ತು ಹೆಣ್ಣಾಳು ಗಾಡಿ ಹತ್ತತಾರ.”

ಮೊದಲು ಚಲೋ ಹಿಡಿಯುತ್ತದೆ, ಅದೇ ಭಯ. ನನ್ನ ತಪ್ಪು ಹೇಳದೆಯೇ ಫೋನ್ ಇಟ್ಟುಬಿಟ್ಟೆ.

ಬೆಳಗಿನ ಬಸ್ಸಿಗೆ ಹೋದರೆ ಅಷ್ಟರಲ್ಲಿ ಅವರು ಹೊರಟಿರುತ್ತಾರೆ. ಈಗಲೇ ಹೇಳಬೇಕು. ತೊದಲಬಾರದೆಂದು ಮೊದಲು ಇಲ್ಲಿ ಬರೆದುಕೊಂಡೆ: ಮಾವ, ನಾನು ತಪ್ಪು ಮಾಡೀನ್ರಿ, ಗಾಡಿ ತೆಗೀಬ್ಯಾಡ್ರಿ.

ರಿಂಗ್ ಆಗುತ್ತಿದೆ