ಲಾಭ, ಎರಡು, ಮೂರು

ತುರುವೇಕೆರೆ
11 ಮಾರ್ಚ್ 2025, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ದೊಡ್ಡ ಮಗಳು ಗಾನವಿಯ ನಮಸ್ಕಾರ. ಉಭಯ ಕುಶಲೋಪರಿ ಅಂತ ಶುರು ಮಾಡಿದರೆ ನೀನು ನಗುತ್ತೀಯ ಅಂತ ಗೊತ್ತು, ಅದಕ್ಕೇ ನೆಟ್ಟಗೆ ಕೇಳುತ್ತೇನೆ. ಮಂಡಿ ನೋವು ಹೇಗಿದೆ? ಗದಗಿನ ಬಿಸಿಲು ಈಗಲೇ ಜೋರಂತೆ, ಮಧ್ಯಾಹ್ನ ಬಟ್ಟೆ ಒಣಗಿಸುವ ನೆಪದಲ್ಲಿ ಮಹಡಿ ಹತ್ತಬೇಡ. ತಂಗಿ ಇಂಪನಾ ಸರಿಯಾಗಿ ಊಟ ಮಾಡುತ್ತಿದ್ದಾಳಾ, ಅಥವಾ ಬಾಣಂತಿ ಖಾರ ನೋಡಿ ಚಿಕ್ಕ ಹುಡುಗಿಯ ಹಾಗೆ ಮೂತಿ ತಿರುಗಿಸುತ್ತಾಳಾ? ಕೂಸಿನ ಫೋಟೋ ಬಂತು. ಹಣೆ ಪೂರ್ತಿ ನಿನ್ನದೇ, ಸಿಟ್ಟು ಬಂದಾಗ ನೀನು ಗಂಟಿಕ್ಕುವ ಹಣೆ. ನಾನು ಫೋನ್ ಮಾಡಿದಾಗಲೆಲ್ಲ ನೀನು ಕೂಸಿಗೆ ನೀರು ಹಾಕುತ್ತಿರುತ್ತೀಯ, ಇಲ್ಲವೇ ಸಾಂಬ್ರಾಣಿ ಹೊಗೆ ಹಾಕುತ್ತಿರುತ್ತೀಯ. ಒಂದು ಕೂಸಿಗೆ ದಿನಕ್ಕೆ ಎಷ್ಟು ಸಲ ಸ್ನಾನವಮ್ಮಾ? ನೀನು ನನ್ನ ಮೇಲೆ ಮುನಿಸಿಕೊಂಡಿದ್ದೀಯ ಅಂತ ಇಂಪನಾ ಹೇಳಬೇಕಾಗಿಲ್ಲ. ಅದಕ್ಕೇ ಈ ಕಾಗದ. ಫೋನನ್ನಾದರೆ ಇಂಪನಾಳ ಕೈಗೆ ದಾಟಿಸಿಬಿಡುತ್ತೀಯ, ಕಾಗದ ಬಂದರೆ ಓದದೆ ಇರಲಾರೆ. ನಮ್ಮ ಆಫೀಸಿನ ಮೀನಾಳ ಗಂಡನಿಗೆ ಗದಗಿಗೆ ವರ್ಗವಾಗಿದೆ. ಅವಳು ಇವತ್ತು ಸಂಜೆ ಅರಸೀಕೆರೆಗೆ ಹೋಗಿ ರೈಲು ಹತ್ತುತ್ತಾಳೆ. ಅವಳ ಕೈಯಲ್ಲಿ ಇದನ್ನೂ ಚಿಕ್ಕಮ್ಮ ಮಾಡಿಕೊಟ್ಟ ಕೊಬ್ಬರಿ ಮಿಠಾಯಿಯನ್ನೂ ಕಳಿಸುತ್ತಿದ್ದೇನೆ.

ನನ್ನ ಕೆಲಸ ಎಂದಿನಂತೆ ಸಾಗಿದೆ. ಯಾರಾದರೂ ಕೇಳಿದರೆ ನೀನು ‘ಕಂಪ್ಯೂಟರ್ ರಿಪೇರಿ’ ಅನ್ನುತ್ತೀಯ. ವಿಶ್ವವಿದ್ಯಾಲಯದ ತೆಂಗು ಸಂಶೋಧನಾ ವಿಭಾಗದ ಗಣಕ ಸೇವೆಗೆ ನಾನು ಮುಖ್ಯಸ್ಥೆ ಅಂತ ಎಷ್ಟು ಸಲ ಹೇಳಿಕೊಟ್ಟರೂ ಅಷ್ಟೇ. ಸುಳ್ಳೂ ಅಲ್ಲ ಬಿಡು. ಹೋದ ವಾರ ಸರ್ವರ್ ಕೋಣೆಯ ಯುಪಿಎಸ್ ಒಳಗೆ ಹಲ್ಲಿ ಹೊಕ್ಕು, ಪ್ರಾಣ ಬಿಟ್ಟು, ಅರ್ಧ ದಿನ ಇಡೀ ವಿಭಾಗವನ್ನು ಕತ್ತಲಲ್ಲಿ ಕೂರಿಸಿತು. ಹಲ್ಲಿಯನ್ನು ಆಚೆ ತೆಗೆದದ್ದು ಮುಖ್ಯಸ್ಥೆಯೇ. ಕೀಟಶಾಸ್ತ್ರದ ಮೇಷ್ಟ್ರು ಪಾಸ್‌ವರ್ಡ್ ಮರೆಯುವುದು, ಮರೆತದ್ದಕ್ಕೆ ನನ್ನ ಮೇಲೆ ರೇಗುವುದು, ಆಮೇಲೆ ಅವರೇ ಬಂದು ಕಾಫಿ ಕೊಡಿಸುವುದು ಎಲ್ಲವೂ ನಡೆದಿದೆ. ಆರು ವರ್ಷದ ಮಣ್ಣಿನ ಪರೀಕ್ಷೆಯ ಅಂಕಿಗಳನ್ನೆಲ್ಲ ಒಂದೇ ಪೆನ್‌ಡ್ರೈವಿನಲ್ಲಿ ಹಾಕಿ, ಅದನ್ನು ಬೀಗದ ಕೈ ಗೊಂಚಲಿಗೆ ಕಟ್ಟಿಕೊಂಡು ಓಡಾಡುತ್ತಿದ್ದವರೊಬ್ಬರನ್ನು ಹಿಡಿದು, ಎರಡು ಕಡೆ ನಕಲು ಇಡಿಸಿದೆ. ಅವರು ನನ್ನನ್ನು ಪೊಲೀಸರ ಹಾಗೆ ನೋಡಿದರು. ಈ ಕೆಲಸ ನನಗೆ ಇಷ್ಟ ಅಮ್ಮ. ಎಲ್ಲವೂ ಸರಿಯಾಗಿದ್ದ ದಿನ ನಾನೊಬ್ಬಳು ಇದ್ದೇನೆ ಅಂತ ಯಾರಿಗೂ ನೆನಪಿರುವುದಿಲ್ಲ, ಅಂಥ ದಿನ ಸಂಜೆ ಬಾಗಿಲು ಹಾಕಿಕೊಂಡು ಹೋಗುವಾಗ ಹಾಯೆನಿಸುತ್ತದೆ.

ಇನ್ನು ಮರದ ವಿಷಯ. ಕಾಗದ ಮಡಿಸಿಡಬೇಡ, ಪೂರ್ತಿ ಓದು. ಸಂಕ್ರಾಂತಿಗೆ ಮುಂಚೆ ನಡೆದದ್ದು ನಿನಗೆ ಗೊತ್ತೇ ಇದೆ. ಒಳ್ಳೇ ಬೀಜದ ಕಾಯಿಗಾಗಿ ನಮ್ಮ ವಿಭಾಗ ರೈತರ ತೋಟಗಳಲ್ಲಿ ತಾಯಿಮರ ಆರಿಸುತ್ತಿದೆ ಅಂತ ತಿಳಿದಾಗ, ಕೊಟ್ಟಿಗೆ ಪಕ್ಕದ ನಿನ್ನ ಮರದ ಹೆಸರು ಬರೆಸಿದ್ದು ನೀನೇ. ಮದುವೆಯಾಗಿ ಕಂದಿಕೆರೆಗೆ ಬರುವಾಗ ತವರು ದಂಡಿನಶಿವರದಿಂದ ಸಸಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದು ನೆಟ್ಟ ಮರ. ಚಿಕ್ಕಪ್ಪನಿಗೆ ಕಾಯಿ ಒಣಗಿಸುವ ಕೊಬ್ಬರಿ ಅಟ್ಟ ದೊಡ್ಡದು ಮಾಡಬೇಕು, ಅಡ್ಡ ನಿಂತಿರುವುದು ಆ ಮರ. ಆಯ್ಕೆಯಾದರೆ ಮರ ಉಳಿಯಲಿ, ಆಗದಿದ್ದರೆ ಕಡಿಸಿಕೋ ಅಂತ ನೀನು ಅವರಿಗೆ ಮಾತು ಕೊಟ್ಟೆ. ಆಗುವುದಿಲ್ಲ ಅಂತ ನೀನು ಕನಸಿನಲ್ಲೂ ಎಣಿಸಿರಲಿಲ್ಲ. ಹುಚ್ಚಣ್ಣ ಮೇಲೆ ಹತ್ತಿ ಒಂದೊಂದು ಗೊನೆ ತಿರುಗಿಸಿ ತೋರಿಸಿದ, ಕೆಳಗೆ ನಿಂತು ನೀನು ಪ್ರತಿ ಗೊನೆಗೂ ಮೊದಲಿನಿಂದ ಕಾಯಿ ಎಣಿಸಿದೆ, ನಮ್ಮ ಕ್ಷೇತ್ರ ಸಹಾಯಕರು ಬಸವಕುಮಾರ್ ಫೋನು ಹಿಡಿದು ನಿನ್ನ ಧ್ವನಿ ಹಿಡಿದುಕೊಂಡರು. ಆ ಧ್ವನಿ ಕೇಳಿ ತಾನೇ ಲೆಕ್ಕ ಹಾಕುವ ಮಿಷನ್ನು ಮಾಡಿದ್ದು ನಾನು ಮತ್ತು ನನ್ನ ಜೊತೆಯ ಯೋಗೀಶ್. ಅದು ಕಾಯಿ ಸಾಲದು ಅಂತ ನಿನ್ನ ಮರವನ್ನು ಕೂದಲೆಳೆಯಷ್ಟರಲ್ಲಿ ಬೇಡ ಅಂದಿತು. ಚಿಕ್ಕಪ್ಪ ನಯವಾಗಿಯೇ, ‘ಅತ್ಗೆ, ಮಾತು ಅಂದ್ರೆ ಮಾತು ಕಣ್ರೀ’ ಅಂದರು. ನೀನು ನನ್ನ ಮುಖ ನೋಡದೆ, ‘ಮಗಳ ಮಿಷನ್ನೇ ಬ್ಯಾಡ ಅಂದ್ಮೇಲೆ ಇನ್ನೇನು, ಬುಡು, ಕಡಿಸ್ಕೊ’ ಅಂದೆ. ಯುಗಾದಿ ಕಳೆದ ಮೇಲೆ ಹುಚ್ಚಣ್ಣ ಕೊಡಲಿ ತರುವುದು ಅಂತ ನಿಶ್ಚಯವಾಯಿತು, ನೀನು ಗದಗಿಗೆ ಹೊರಟೆ. ಬಸ್ಸಿನ ಕಿಟಕಿಯಿಂದ ಎಲ್ಲರಿಗೂ ಕೈ ಬೀಸಿದೆ, ನನಗೊಬ್ಬಳಿಗೆ ಬಿಟ್ಟು. ಅವತ್ತು ನನಗೆ ತುಂಬಾ ನೋವಾಯಿತು ಅಮ್ಮ. ಮಿಷನ್ನು ಸರಿ ಇದೆ ಅಂತಲೇ ನಂಬಿದ್ದೆ.

ಹೋದ ತಿಂಗಳು ಒಂದು ಭಾನುವಾರ ಊರಿಗೆ ಹೋಗಿದ್ದೆ. ಚಿಕ್ಕಮ್ಮನಿಗೆ ಬೆನ್ನು ಹಿಡಿದುಕೊಂಡಿತ್ತು, ಹಿಟ್ಟಿನ ಗಿರಣಿಗೆ ರಾಗಿ ಅಳೆದುಕೊಡು ಅಂದರು. ನೀನಿದ್ದರೆ ನನ್ನ ಕೈಗೆ ಸೇರು ಕೊಡುತ್ತಿದ್ದೆಯಾ? ಮೊದಲ ಸೇರು ತುಂಬಿ ಚೀಲಕ್ಕೆ ಸುರಿದೆ, ಬಾಯಲ್ಲಿ ಅದರಷ್ಟಕ್ಕೆ ‘ಲಾಭ’ ಅಂತ ಬಂತು. ಎರಡನೆಯದಕ್ಕೆ ‘ಎರಡು’. ಮೂರನೆಯ ಸೇರು ಕೈಯಲ್ಲೇ ನಿಂತುಹೋಯಿತು. ಚಿಕ್ಕಂದಿನಲ್ಲಿ ನಾನು ‘ಒಂದು’ ಅಂತ ಅಳೆದದ್ದಕ್ಕೆ ನೀನು ರಾಗಿಯನ್ನು ವಾಪಸ್ಸು ಸುರಿಸಿ, ‘ಒಂದು ಅಂದ್ರೆ ಒಂದಕ್ಕೇ ನಿಂತೋಯ್ತದೆ ಕಣೇ, ಲಾಭ ಅನ್ನು’ ಅಂದಿದ್ದು ಕಿವಿಯಲ್ಲಿ ಕೇಳಿದ ಹಾಗಾಯಿತು. ರಾಗಿ ಅಳೆಯಲಿ, ಕಾಯಿ ಎಣಿಸಲಿ, ನಿನ್ನ ಬಾಯಲ್ಲಿ ಒಂದು ಅನ್ನುವುದು ಬಂದದ್ದೇ ಇಲ್ಲ. ನಮ್ಮ ಮಿಷನ್ನಿಗೋ ಲಾಭ ಅಂದರೆ ಏನು ಗೊತ್ತು! ಎಣಿಸುವಾಗ ನಮ್ಮ ಜನ ಸುಮ್ಮನೆ ಎಣಿಸುವುದಿಲ್ಲ, ನಡುವೆ ದನ ಓಡಿಸುತ್ತಾರೆ, ದಾರಿಹೋಕರನ್ನು ಊಟಕ್ಕೆ ಕರೆಯುತ್ತಾರೆ ಅಂತ, ಅಂಕಿಯಲ್ಲದ ಮಾತನ್ನೆಲ್ಲ ಬಿಟ್ಟುಬಿಡು ಅಂತ ಕಲಿಸಿದ್ದೆವು. ಮಾತಿನ ಭರದಲ್ಲಿ ಆರರಿಂದ ಎಂಟಕ್ಕೆ ಹಾರುವವರೂ ಇರುತ್ತಾರೆ, ಕೊನೆಯ ಅಂಕಿ ನಂಬದೆ ಕೇಳಿದ ಅಂಕಿಗೊಂದು ಕಾಯಿ ಲೆಕ್ಕ ಹಾಕು ಅಂತಲೂ ಕಲಿಸಿದ್ದೆವು. ಬಲು ಜಾಣತನ. ಹೀಗೆ ನಿನ್ನ ಲಾಭವೆಲ್ಲ ಬರೀ ಹರಟೆಯ ಲೆಕ್ಕಕ್ಕೆ ಸೇರಿ, ಗೊನೆಗೊಂದು ಕಾಯಿ ಕಮ್ಮಿಯಾಯಿತು. ಮೊದಲು ಪರೀಕ್ಷೆ ಮಾಡಿದ್ದು ಕಾಲೇಜು ಹುಡುಗರ ಧ್ವನಿಯಲ್ಲಿ, ಅವರೆಲ್ಲ ಶಾಲೆಯಲ್ಲಿ ಕಲಿತ ಹಾಗೆ ಒಂದು ಅಂದವರೇ. ಚಿಕ್ಕಮ್ಮ ಒಳಗಿನಿಂದ, ರಾಗಿ ಮುಂದೆ ಕೂತು ಒಬ್ಬಳೇ ಯಾಕೆ ನಗುತ್ತಿದ್ದೀಯ ಅಂತ ಕೂಗಿ ಕೇಳಿದರು.

ಸೋಮವಾರ ಯೋಗೀಶನ ಜೊತೆ ಕೂತು ಹಳೆಯ ಧ್ವನಿಗಳನ್ನು ತೆಗೆಸಿದೆ. ವಯಸ್ಸಾದವರು ಎಣಿಸಿದ ಮರಗಳಲ್ಲಿ ಮುಕ್ಕಾಲುಪಾಲು ಹಾಗೇ ಆಯ್ಕೆಯಿಂದ ಬಿದ್ದುಹೋಗಿದ್ದವು. ದಬ್ಬೇಘಟ್ಟದ ಅಜ್ಜ ಒಬ್ಬರು ಲಾಭ ಅನ್ನುವಾಗ ಕೈ ಮುಗಿದಿರಬೇಕು, ಧ್ವನಿಯಲ್ಲೇ ತಿಳಿಯುತ್ತಿತ್ತು. ನಿನ್ನದೂ ಕೇಳಿದೆ. ಬಿಸಿಲಿದೆ ತಲೆ ಮೇಲೆ ಟವಲ್ ಹಾಕಿಕೊಳ್ಳಿ ಅಂತ ಬಸವಕುಮಾರರಿಗೆ ಹೇಳಿದ್ದೀಯ, ಹುಚ್ಚಣ್ಣನಿಗೆ ಕಾಲು ಭದ್ರ ಅಂದಿದ್ದೀಯ. ಕೊನೆಯ ಗೊನೆ ಮುಗಿದ ಮೇಲೆ ಮೆಲ್ಲಗೆ, ‘ನಮ್ಮ ದಂಡಿನಶಿವರದ್ದು ಕಣಪ್ಪ ಇದು, ಮೋಸ ಮಾಡಾಕಿಲ್ಲ’ ಅಂದಿದ್ದೀಯ. ಅದನ್ನು ಕೇಳಿ ನನಗೆ ಅಳು ಬಂತು, ಯೋಗೀಶ್ ನೀರು ಕುಡಿಯುವ ನೆಪ ಮಾಡಿ ಎದ್ದುಹೋದ. ಲಾಭ ಅಂದರೆ ಒಂದು ಅಂತ ಮಿಷನ್ನಿಗೆ ಕಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ನನ್ನ ಕೈ ಮುಂದೆ ಹೋಗಲಿಲ್ಲ. ಅಮ್ಮನ ಮರ ಬಿದ್ದುಹೋಯಿತು, ಮಗಳು ಮಿಷನ್ನನ್ನೇ ತಿದ್ದಿದಳು ಅಂತ ನಾಳೆ ಯಾರಾದರೂ ಅಂದರೆ? ನನ್ನ ಮಾತು ಹಾಗಿರಲಿ, ವಿಭಾಗದ ಒಂದು ಅಂಕಿಯನ್ನೂ ಆಮೇಲೆ ಯಾರೂ ನಂಬುವುದಿಲ್ಲ. ಹೇಳದೆ ಬಿಟ್ಟರೆ ನಿನ್ನ ಮರದ ಜೊತೆಗೆ ಅಷ್ಟೂ ಜನರ ಮರ ಹೋಯಿತು. ಕೊನೆಗೆ ವಿಭಾಗದ ಮುಖ್ಯಸ್ಥರು ಗಿರಿಜಾಂಬಿಕಾ ಮೇಡಂ ಹತ್ತಿರ ಹೋಗಿ, ಮೊದಲು ನಿನ್ನ ಮರದ ವಿಷಯ ಹೇಳಿ, ಆಮೇಲೆ ತಪ್ಪಿನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. ‘ನಿಮ್ಮಮ್ಮನ ಮರ ಅಂತ ತಪ್ಪನ್ನ ಹಂಗೇ ಬಿಡೋಕಾಗುತ್ತೇನಮ್ಮ? ತಿದ್ದು. ಆದ್ರೆ ಆ ಮರದ ತಂಟೆಗೆ ಮಾತ್ರ ನೀನು ಹೋಗ್ಬೇಡ’ ಅಂದರು. ಆಮೇಲೆ ತಾವೇ, ನಮ್ಮಜ್ಜಿಯೂ ಅಕ್ಕಿ ಅಳೆಯುವಾಗ ಹಾಗೇ ಅನ್ನುತ್ತಿದ್ದರು, ಹೊಳೆಯಲೇ ಇಲ್ಲ ನೋಡು ಅಂತ ನಕ್ಕರು.

ಆ ಮರಗಳನ್ನೆಲ್ಲ ಮತ್ತೆ ಎಣಿಸಬೇಕು, ಮಿಷನ್ನಿನ ಜೊತೆಗೆ ಬಸವಕುಮಾರ್ ಕೈಯಲ್ಲೂ ಬರೆದುಕೊಳ್ಳಬೇಕು, ಎರಡೂ ತಾಳೆಯಾದರೆ ಮಾತ್ರ ಸರಿ ಅಂತ ಮೇಡಂ ಆಜ್ಞೆ ಮಾಡಿದ್ದಾರೆ. ಹದಿನೈದು ದಿನದಿಂದ ಊರೂರು ತಿರುಗುತ್ತಿದ್ದಾರೆ, ದಬ್ಬೇಘಟ್ಟದ ಅಜ್ಜನ ಮರ ಆಯ್ಕೆಯಾಯಿತು. ನಮ್ಮ ತೋಟದ ಸರದಿ ಇವತ್ತು. ನಾನು ಬೇಕೆಂದೇ ಹೋಗಲಿಲ್ಲ. ಚಿಕ್ಕಪ್ಪನಿಗೆ ಎಲ್ಲ ತಿಳಿಸಿದೆ. ಅವರು ನಿನ್ನನ್ನು ಆಡಿಕೊಂಡರು, ‘ನಮ್ಮತ್ಗೆಗೆ ನೆಟ್ಗೆ ಒಂದು ಅನ್ನಾಕೆ ಬರದಿದ್ರೆ ನಿನ್ನ ಮಿಷನ್ ಏನ್ ಮಾಡ್ತದೆ’ ಅಂತ. ಆದರೂ ಮತ್ತೆ ಎಣಿಸಲಿ, ನ್ಯಾಯವಾಗಿ ಬಂದರೆ ಕೊಟ್ಟ ಮಾತು ಎರಡೂ ಕಡೆಗೆ ಅಂತ ಒಪ್ಪಿಕೊಂಡಿದ್ದಾರೆ. ಆಯ್ಕೆಯಾದರೆ ಆ ಮರದ ಕಾಯಿಯನ್ನು ಕಿತ್ತು ಕೆಳಗೆ ಉದುರಿಸುವ ಹಾಗಿಲ್ಲ, ಬೀಜದ ಕಾಯಿಗೆ ಪೆಟ್ಟಾಗದಂತೆ ಗೊನೆಗೆ ಹಗ್ಗ ಕಟ್ಟಿ ಇಳಿಸಬೇಕು ಅಂತಲೂ ಹೇಳಿದೆ. ಅದಕ್ಕೂ ಒಂದು ಹಾಸ್ಯ ಮಾಡಿದರು. ಊಟದ ಹೊತ್ತಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಕಣ್ಣೆಲ್ಲ ಫೋನಿನ ಮೇಲಿದೆ. ಎರಡು ಮಳೆಗಾಲದಿಂದ ಆ ಮರಕ್ಕೆ ನುಸಿ ಕಾಟ ಬೇರೆ ಇತ್ತು, ಗೊನೆಗೊಂದು ಕಾಯಿ ಸೇರಿದರೂ ಸಾಲದೇ ಹೋಗಬಹುದು ಅಮ್ಮ. ಹಾಗಾದರೆ ನ್ಯಾಯವಾಗಿಯೇ ಹೋಯಿತು ಅಂದುಕೊಳ್ಳಬೇಕು. ಹೇಳುವುದು ಸುಲಭ.

ಇಂಪನಾಳಿಗೂ ಅವಳ ಗಂಡನಿಗೂ ನಾನು ಕೇಳಿದೆ ಅಂತ ಹೇಳು. ಕೂಸಿಗೆ ನೀರು ಹಾಕುವಾಗ ನೀನು ತಂಬಿಗೆಗಳನ್ನೂ ಲಾಭದಿಂದಲೇ ಎಣಿಸುತ್ತೀಯಂತೆ, ಇಂಪನಾ ಹೇಳಿದಳು. ಬಿಡಬೇಡ, ಅದರ ಕಿವಿಗೂ ಬೀಳಲಿ. ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡ. ನಿನ್ನ ಆಶೀರ್ವಾದ ಮುನಿಸಿನಲ್ಲೂ ನನ್ನ ಮೇಲಿರುತ್ತದೆ ಅಂತ ಗೊತ್ತು, ಆದರೂ ಕೇಳಿಕೊಳ್ಳುತ್ತೇನೆ.

ನಿನ್ನ ಕಂಪ್ಯೂಟರ್ ರಿಪೇರಿ ಮಗಳು,
ಗಾನವಿ

ಮರೆಯುವ ಮುಂಚೆ: ಮೀನಾ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈಗ ತಾನೇ ಕಂದಿಕೆರೆಯಿಂದ ಸುದ್ದಿ ಬಂತು. ನಿನ್ನ ಮರ ಆಯ್ಕೆಯಾಗಿದೆ ಅಮ್ಮ, ಕೈಬರಹವೂ ಮಿಷನ್ನೂ ತಾಳೆಯಾಗಿವೆ, ಮೇಡಂ ಸಹಿ ಹಾಕಿದರು. ಸಹಿಯಾದ ಮೇಲೆ ಧ್ವನಿ ಕೇಳಲು ನನಗೆ ಅಪ್ಪಣೆ ಕೊಟ್ಟರು. ನೀನಿಲ್ಲವಲ್ಲ, ಕೆಳಗೆ ನಿಂತು ಎಣಿಸಿದ್ದು ಚಿಕ್ಕಪ್ಪ. ಒಂದು ಅನ್ನಲು ಬರುವ ಚಿಕ್ಕಪ್ಪ. ಗಂಟಲು ಸರಿಮಾಡಿಕೊಂಡು, ಹುಚ್ಚಣ್ಣ ತಿರುಗಿಸಿದ ಮೊದಲ ಗೊನೆಯ ಮೊದಲ ಕಾಯಿಗೆ ಏನಂದರು ಗೊತ್ತಾ? ‘ಲಾಭ.’ ಕೊನೆಯ ಗೊನೆಯವರೆಗೂ ಹಾಗೇ. ಎಲ್ಲ ಮುಗಿದ ಮೇಲೆ, ‘ಹುಚ್ಚಣ್ಣ, ಯುಗಾದಿಗೆ ಕೊಡ್ಲಿ ತರಬ್ಯಾಡ ಕಣ್ಲಾ, ಹಗ್ಗ ತಗೊಂಬಾ. ಅತ್ಗೆ ಬರ್ಲಿ, ಗೊನೆ ಇಳಿಸಾನ’ ಅಂದಿದ್ದಾರೆ. ಅಂಕಿಯಲ್ಲದ ಮಾತು ಅಂತ ಮಿಷನ್ನು ಅದನ್ನು ಬಿಟ್ಟುಬಿಟ್ಟಿದೆ. ನಾನು ಬಿಡಲಿಲ್ಲ, ನಿನಗೆ ಬರೆದಿದ್ದೇನೆ.